ಭಾವನ ಬಕೆಟ್ಟಿನ ನೀರು

ನಮ್ಮ ಭಾವ ತೀರಿಕೊಂಡ ದಿನ ಮನೆಗೆ ಬಂದವರಲ್ಲಿ ಅರ್ಧಕ್ಕರ್ಧ ಮಂದಿ ಕುಂಟುತ್ತಿದ್ದರು. ದುಃಖಕ್ಕೆ ಕಾಲು ಸೋತು ಕುಂಟಿದವರಲ್ಲ. ಎಲ್ಲರೂ ಹಳೆಯ ಫುಟ್ಬಾಲ್ ಆಟಗಾರರು. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಬಾಡಿಗೆಯವರು ಈ ಮೆರವಣಿಗೆಯನ್ನು ನೋಡಿ, ನನ್ನನ್ನು ಗೇಟಿನ ಹತ್ತಿರ ಕರೆದು, "ತೀರಿಕೊಂಡವರು ಮೂಳೆ ಡಾಕ್ಟರಾಗಿದ್ರಾ?" ಎಂದು ಮೆಲ್ಲಗೆ ಕೇಳಿದರು. ಹೌದು ಎಂದರೆ ಸುಳ್ಳಾಗುತ್ತಿತ್ತು. ಅಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದು ಕಾಲಕ್ಕೆ ನಮ್ಮ ಊರಿಗೆ ಊರೇ ಹಾಗೆ ನಂಬಿತ್ತು. ಅಂದು ಕೊಡದೆ ಬಿಟ್ಟ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಫುಟ್ಬಾಲ್ ಕ್ಲಬ್ಬು ಹುಟ್ಟಿದ್ದು ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯ ಹಿತ್ತಲಿನಲ್ಲಿ. ಅದರ ಮಾಲೀಕರಾದ ಗುಂಡಿ ಸಾಹುಕಾರರೇ ಕ್ಲಬ್ಬಿನ ಅಧ್ಯಕ್ಷರು. ಅವರ ಅಭಿಮಾನ ತಂಡದ ಅಂಗಿಯ ಮೇಲೆಲ್ಲ ಕಾಣುತ್ತಿತ್ತು: ಎದೆಯ ಮೇಲೆ ಗುಂಡಿ, ಹೆಗಲ ಮೇಲೆ ಗುಂಡಿ, ತೋಳಿನ ತುದಿಯಲ್ಲಿ ಗುಂಡಿ. ಗೋಲು ಹೊಡೆದವರು ಅಂಗಿ ಬಿಚ್ಚಿ ತಿರುಗಿಸುತ್ತಾ ಓಡುವ ಚಾಳಿ ನಮ್ಮವರಿಗೆ ಎಂದೂ ಅಂಟಲಿಲ್ಲ. ಬಿಚ್ಚಿ ಮುಗಿಯುವುದರೊಳಗೆ ಆಟವೇ ಮುಗಿಯುತ್ತಿತ್ತು.

ಮೈದಾನ ಒಂದು ಕಡೆಗೆ ವಾಲಿತ್ತು. ಹೊರಗಿನ ತಂಡದವರು ತಕರಾರು ತೆಗೆದರೆ, ನಮ್ಮ ತರಬೇತುದಾರರಾಗಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು, "ಭೂಮಿನೇ ದುಂಡಗಿದೆ. ಅದಕ್ಕೆ ನಾವೇನ್ ಮಾಡೋಣ?" ಎನ್ನುತ್ತಿದ್ದರು. ನಮ್ಮ ಗೋಲ್‌ಕೀಪರನಿಗೆ 'ಬಾಗಿಲು' ಎಂದು ಹೆಸರು. ಬಾಗಿಲು ಎತ್ತರಕ್ಕೂ ಅಗಲಕ್ಕೂ ಚೆನ್ನಾಗಿಯೇ ಇತ್ತು. ಆದರೆ ಮುಚ್ಚಿಕೊಳ್ಳುವ ಅಭ್ಯಾಸವಿರಲಿಲ್ಲ. ಮುಂದಿನ ಸಾಲಿನಲ್ಲಿ ಆಡುತ್ತಿದ್ದವನು 'ಗಾಳಿಪಟ'. ಚೆಂಡು ಅವನ ಕಾಲಿಗೆ ಸಿಕ್ಕಿದರೆ ನೋಡಲು ಎರಡು ಕಣ್ಣು ಸಾಲದು. ಆದರೆ ಎದುರಿನವನು ಕೆಮ್ಮಿದರೂ ಸಾಕು, ಗಾಳಿಪಟ ನೆಲಕ್ಕೆ.

ಹೀಗಿದ್ದ ತಂಡವನ್ನು ಲೀಗಿನ ಸಂಘದವರು ಒಂದು ದಿನ ಮೂರನೆಯ ಡಿವಿಷನ್ನಿಗೆ ಸೇರಿಸಿಕೊಂಡರು. ಮೂರರ ಕೆಳಗೆ ನಾಲ್ಕು ಇರಲಿಲ್ಲ. ಆದರೂ ನಾವು ಅದನ್ನು 'ಏರಿದ್ದು' ಎಂದೇ ಹೇಳಿಕೊಂಡೆವು. ನಮ್ಮವರು ವೃತ್ತಿಪರರಾದರು. ಮೊದಲು ಕಾರ್ಖಾನೆಯಲ್ಲಿ ಗುಂಡಿ ಮಾಡಿ ಸಂಬಳ ಪಡೆದು ಚೆಂಡು ಒದೆಯುತ್ತಿದ್ದರು. ಈಗ ಚೆಂಡು ಒದ್ದದ್ದಕ್ಕೆ ಸಂಬಳ ಪಡೆದು ಗುಂಡಿ ಮಾಡತೊಡಗಿದರು. ಸಾಹುಕಾರರ ಲೆಕ್ಕದಲ್ಲಿ ಇವೆರಡಕ್ಕೂ ಬಹಳ ವ್ಯತ್ಯಾಸವಿತ್ತು.

ವೃತ್ತಿಪರ ತಂಡಕ್ಕೆ ಒಂದು ನಿಯಮವಿತ್ತು. ಆಟಗಾರ ಬಿದ್ದಾಗ ರೆಫರಿ ಕೈ ಮಾಡಿದರೆ ಓಡಿಹೋಗಿ ಶುಶ್ರೂಷೆ ಮಾಡುವ ಒಬ್ಬ ಮನುಷ್ಯ ಬೆಂಚಿನ ಮೇಲೆ ಕೂತಿರಲೇಬೇಕು. ಅವನ ಬಳಿ ಒಂದು ಬಕೆಟ್ಟು ನೀರು, ಒಂದು ಸ್ಪಂಜು. ಅಂಥವನನ್ನು ಎಲ್ಲಿಂದ ತರುವುದು ಎಂದು ಸಾಹುಕಾರರು ಕ್ಲಬ್ಬಿನ ಸಭೆಯಲ್ಲಿ ಕೇಳಿದರು.

ನಾನು ಕ್ಲಬ್ಬಿನ ಉಪಕಾರ್ಯದರ್ಶಿ. ಹಗಲು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ನನಗೆ ಕೂಡಲೇ ಭಾವನ ನೆನಪಾಯಿತು.

ಭಾವನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವರಷ್ಟು ಒಳ್ಳೆಯ ಮನುಷ್ಯನನ್ನು ನಾನು ಕಂಡಿಲ್ಲ. ಅವರಷ್ಟು ಗೊಂದಲದ ಮನುಷ್ಯನನ್ನೂ ಕಂಡಿಲ್ಲ. ಎಳೆಯಬೇಕಾದ ಬಾಗಿಲನ್ನು ತಳ್ಳುತ್ತಿದ್ದರು, ತಳ್ಳಬೇಕಾದ್ದನ್ನು ಎಳೆಯುತ್ತಿದ್ದರು, ತಾನಾಗಿ ತೆರೆದುಕೊಂಡ ಬಾಗಿಲಿಗೆ "ಥ್ಯಾಂಕ್ಸ್" ಎನ್ನುತ್ತಿದ್ದರು. ಒಮ್ಮೆ ಯಾರದೋ ಸಾವಿನ ಮನೆಗೆ ಹೋಗಿ, ಹೊರಡುವಾಗ ಮನೆಯವರ ಕೈ ಹಿಡಿದು, "ತುಂಬಾ ಸಂತೋಷ ಆಯ್ತು. ಹೀಗೇ ಆಗಾಗ ಸೇರ್ತಾ ಇರೋಣ" ಎಂದು ಬಂದಿದ್ದರು. ಕೆಲಸ ಮಾಡುತ್ತಿದ್ದುದು ಐಸ್ ಕಾರ್ಖಾನೆಯ ಗೇಟಿನಲ್ಲಿ. ಮಾಲೀಕರ ಚೀಟಿಯಿಲ್ಲದೆ ಒಂದು ಚೂರು ಐಸೂ ಹೊರಗೆ ಹೋಗದಂತೆ ನೋಡಿಕೊಳ್ಳುವುದು ಅವರ ಕೆಲಸ.

ನನ್ನ ಅಕ್ಕನಿಗೆ ಗಂಡನ ಮೇಲೆ ಪ್ರೀತಿಯಿತ್ತು, ಗೌರವಕ್ಕೆ ಮಾತ್ರ ಸಂದರ್ಭ ಒದಗಿರಲಿಲ್ಲ. ನಾನು ವಿಷಯ ಹೇಳಿದಾಗ ಅವಳು ಅಡುಗೆಮನೆಯಿಂದಲೇ, "ಕರ್ಕೊಂಡು ಹೋಗೋ ಮಾರಾಯ. ಭಾನುವಾರ ಇಡೀ ಮನೇಲಿ ಕೂತು ಗಡಿಯಾರ ರಿಪೇರಿ ಮಾಡ್ತೀನಿ ಅಂತಾರೆ. ಆಮೇಲೆ ನಾನು ಟೈಮ್ ಕೇಳೋಕೆ ಪಕ್ಕದ ಮನೆಗೆ ಹೋಗ್ಬೇಕು" ಎಂದಳು.

ಹೀಗೆ ಭಾವ ಬೆಂಚಿನ ಮೇಲೆ ಕೂತರು.

ಮೊದಲ ಪಂದ್ಯದ ದಿನ ಅವರು ಒಂದು ಯೋಚನೆ ಮಾಡಿದ್ದರು. ಐಸ್ ಕಾರ್ಖಾನೆಯ ನೆಲದ ಮೇಲೆ ಗರಗಸದಿಂದ ಉದುರಿದ ಪುಡಿ ಐಸು ಬಿದ್ದಿರುತ್ತದೆ, ಸುಮ್ಮನೆ ಕರಗಿ ಮೋರಿಗೆ ಹೋಗುತ್ತದೆ. ಅದನ್ನೇ ಗುಡಿಸಿ ಬಕೆಟ್ಟಿಗೆ ಹಾಕಿಕೊಂಡರೆ ನೀರು ತಣ್ಣಗಿರುತ್ತದೆಯಲ್ಲ? ಚೀಟಿಯಿಲ್ಲದೆ ಐಸು ಗೇಟು ದಾಟುವಂತಿಲ್ಲ, ನಿಜ. ಆದರೆ ಗೇಟಿನಲ್ಲಿ ತಡೆಯಬೇಕಾದವರೂ ಅವರೇ. ಭಾವ ತಮ್ಮನ್ನು ತಾವೇ ನಿಲ್ಲಿಸಿಕೊಂಡು, ಬಕೆಟ್ಟಿನೊಳಗೆ ಇಣುಕಿ, ಅತ್ತಿತ್ತ ನೋಡಿ, ತಮ್ಮನ್ನು ಬಿಟ್ಟುಕೊಟ್ಟರು.

ಆಟ ಮುಗಿಯುವ ಹೊತ್ತು. ಎದುರಿನವರ ಗೋಲಿನ ಮುಂದೆಯೇ ಗಾಳಿಪಟ ಬಿದ್ದು, ಬಲಮಂಡಿ ಹಿಡಿದುಕೊಂಡು, ಹೆತ್ತ ತಾಯಿಯನ್ನು ಕರೆಯತೊಡಗಿದ. ರೆಫರಿ ಕೈ ಮಾಡಿದರು. ಭಾವ ಬಕೆಟ್ಟು ಹಿಡಿದು ಓಡಿದರು. ಹೋಗಿ ಮುಟ್ಟಿದವರು ನಿಲ್ಲಬೇಕೆನ್ನುವುದನ್ನು ಮರೆತು, ಗಾಳಿಪಟನ ಕಾಲಿಗೇ ಎಡವಿ, ಮಂಡಿಗೆ ಹನಿಹನಿಯಾಗಿ ಹಚ್ಚಬೇಕಾಗಿದ್ದ ನೀರನ್ನು ಬಕೆಟ್ಟು ಸಮೇತ ಅವನ ಕತ್ತಿನ ಹಿಂದೆ ಅಂಗಿಯೊಳಕ್ಕೆ ಸುರಿದುಬಿಟ್ಟರು.

ಆ ಅಂಗಿಯ ತುಂಬ ಗುಂಡಿಗಳಿದ್ದುವಲ್ಲ, ಒಳಗೆ ಹೋದ ಐಸು ಹೊರಗೆ ಬರಲು ದಾರಿಯಿರಲಿಲ್ಲ. ಗಾಳಿಪಟ ಕೂಗುತ್ತಾ ನೆಲಬಿಟ್ಟು ಎದ್ದ. ರೆಫರಿ ಚೆಂಡನ್ನು ಕೆಳಗೆ ಬಿಟ್ಟು ಆಟ ಮುಂದುವರಿಸಿದರೂ ಅವನ ಕುಣಿತ ನಿಂತಿರಲಿಲ್ಲ. ಕುಣಿಯುತ್ತಿದ್ದ ಕಾಲೊಂದು ಚೆಂಡಿಗೆ ತಗುಲಿತು. ಎದುರಿನ ಗೋಲ್‌ಕೀಪರು ಈ ನೃತ್ಯವನ್ನೇ ನೋಡುತ್ತಾ ನಿಂತಿದ್ದ. ಚೆಂಡು ಅವನ ಪಕ್ಕದಿಂದಲೇ ಒಳಗೆ ಹೋಯಿತು.

ನಾವು ಗೆದ್ದೆವು. ಜನ ಮೈದಾನದೊಳಕ್ಕೆ ನುಗ್ಗಿ ಗಾಳಿಪಟನ ಜೊತೆಗೆ ಭಾವನನ್ನೂ ಹೊತ್ತರು. ಊರಿನ ವಾರಪತ್ರಿಕೆಯವನು ಬೆನ್ನು ಹತ್ತಿದ.

"ಸಾರ್, ಮಂಡಿಗೆ ಏಟು ಬಿದ್ರೆ ಕತ್ತಿಗೆ ಯಾಕೆ ನೀರು ಹಾಕಿದ್ರಿ?"

ಎಡವಿದೆ ಎನ್ನಲು ಭಾವನಿಗೆ ನಾಚಿಕೆ. "ಹಾಗೇ ಹಾಕೋದು" ಎಂದರು.

"ಆ ನೀರಲ್ಲಿ ಏನಿತ್ತು?"

ಐಸ್ ಕಾರ್ಖಾನೆಯ ಮಾಲೀಕರು ಜನರ ನಡುವೆ ಅಲ್ಲೇ ನಿಂತಿದ್ದರು. ಭಾವನ ಮುಖ ಸುಣ್ಣದಂತಾಯಿತು. "ಅದನ್ನೆಲ್ಲ ಹೇಳೋ ಹಾಗಿಲ್ಲಪ್ಪ" ಎಂದು ಬಕೆಟ್ಟನ್ನು ಅಂಗಿಯಿಂದ ಮುಚ್ಚಿಕೊಂಡರು.

ಅಷ್ಟೇ ನಡೆದದ್ದು. ಆ ವಾರದ ಪತ್ರಿಕೆಯಲ್ಲಿ, ಮನೆತನದ ಗುಟ್ಟು ಬಿಟ್ಟುಕೊಡದ ಶುಶ್ರೂಷಕರ ವಿಷಯ ದೊಡ್ಡ ಅಕ್ಷರದಲ್ಲಿ ಬಂತು. ಭಾವನ ಮನೆತನವನ್ನು ಬಲ್ಲ ನಾನು ಅದನ್ನು ಎರಡು ಸಲ ಓದಿದೆ. ಅವರ ತಂದೆ ಕೊಡೆ ರಿಪೇರಿ ಮಾಡುತ್ತಿದ್ದರು.

ಡ್ರಿಲ್ ಮೇಷ್ಟ್ರು ಇದಕ್ಕೆ ಶಾಸ್ತ್ರವನ್ನೇ ಕಟ್ಟಿದರು. ಆಟಗಾರರನ್ನು ಸಾಲಾಗಿ ಕೂರಿಸಿ, "ನೋಡ್ರಪ್ಪಾ, ನೋವು ಅನ್ನೋದು ಮೇಲಕ್ಕೆ ಹೋಗುತ್ತೆ, ನೀರು ಕೆಳಕ್ಕೆ ಬರುತ್ತೆ. ಎರಡೂ ಬೆನ್ನಲ್ಲಿ ಡಿಕ್ಕಿ ಹೊಡೆಯುತ್ತೆ. ನೋವು ಸೋಲುತ್ತೆ. ಇಷ್ಟೇ ವಿಜ್ಞಾನ" ಎಂದರು. ಬಾಗಿಲು ಕೈಯೆತ್ತಿ, "ನೋವು ಬೆನ್ನಲ್ಲೇ ಇದ್ರೆ ಸಾರ್?" ಎಂದ. "ನೀನು ಮೊದ್ಲು ಚೆಂಡು ಹಿಡಿಯೋದು ಕಲಿ" ಎಂದು ಮೇಷ್ಟ್ರು ಪಾಠ ಮುಗಿಸಿದರು.

ಅಲ್ಲಿಂದ ಮುಂದೆ ನಮ್ಮವರು ಬೀಳಲು ಹೆದರಲಿಲ್ಲ. ಬಿದ್ದರೆ ಭಾವ ಬರುತ್ತಾರೆ, ಎದ್ದರೆ ಗೋಲು ಬರುತ್ತದೆ. ಮಂಡಿಗೆ ಏಟು ಬಿದ್ದವನು ತಾನಾಗಿ ಕತ್ತು ಬಗ್ಗಿಸಿ ಕಾಲರಿನ ಗುಂಡಿ ಬಿಚ್ಚಿ ಕಾಯುತ್ತಿದ್ದ. ಎದುರಿನ ತಂಡದವರು ಬಕೆಟ್ಟು ಕಂಡರೆ ಹಿಂದೆ ಸರಿಯುತ್ತಿದ್ದರು. ನಾವು ಗೆಲ್ಲುತ್ತಾ ಹೋದೆವು. ಇಡೀ ತಂಡ ನನ್ನ ಸಂಬಂಧವನ್ನೇ ಎತ್ತಿಕೊಂಡು ಅವರನ್ನು 'ಭಾವ' ಎಂದೇ ಕರೆಯತೊಡಗಿತು. ಆಮೇಲೆ ಊರೂ ಹಾಗೆಯೇ ಕರೆಯಿತು. ಭಾವನ ಸ್ವಂತ ಅತ್ತೆ, ಎಂದರೆ ನನ್ನ ತಾಯಿ, ಒಂದು ಸಲ ಬಾಯಿತಪ್ಪಿ ಅಳಿಯನನ್ನು "ಭಾವ, ಊಟಕ್ಕೆ ಏಳಿ" ಎಂದು ಕರೆದಿದ್ದಳು.

ಮನೆಯ ಮುಂದೆ ಜನ ಸೇರಿದರು. ಸೊಂಟ ಹಿಡಿದವರು, ಕತ್ತು ತಿರುಗದವರು, ಕೈ ಮೇಲೆತ್ತಲಾಗದ ಹಜಾಮರು. ಅಕ್ಕ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, "ಸಾಲಾಗಿ ನಿಂತ್ಕೊಳ್ಳಿ, ಅವರಿನ್ನೂ ತಿಂಡಿ ತಿಂತಿದ್ದಾರೆ" ಎನ್ನುತ್ತಿದ್ದಳು. 'ಅವರು' ಎನ್ನುವಾಗ ಅವಳ ದನಿಯಲ್ಲಿ ಏನೋ ಹೊಸದಿತ್ತು. ಗಡಿಯಾರದ ಸುದ್ದಿ ಎತ್ತುವುದನ್ನೇ ಅವಳು ಬಿಟ್ಟಳು.

ಭಾವ ನನ್ನನ್ನು ಹಿತ್ತಲಿಗೆ ಕರೆದು ನಿಜ ಹೇಳಿದರು. ಗರಗಸದ ಪುಡಿ, ಗೇಟು, ಚೀಟಿ, ಎಲ್ಲ ಹೇಳಿದರು.

ನಾನು ದೇವರನ್ನು ನಂಬುವವನು. ಆದ್ದರಿಂದಲೇ ಪವಾಡಗಳ ವಿಷಯದಲ್ಲಿ ಎಚ್ಚರಿಕೆಯಿಂದಿರುತ್ತೇನೆ. "ಭಾವ, ನಿಜ ಹೇಳಿಬಿಡಿ. ದೇವರ ಮುಂದೆ ಒಂದು ದಿನ ಹೇಳಲೇಬೇಕಲ್ಲ" ಎಂದೆ.

"ದೇವರ ಮುಂದೆ ದಿನಾ ಹೇಳ್ತೀನಿ ಕಣೋ. ಆತ ಏನೂ ಅನ್ನಲ್ಲ. ಐಸ್ ಮಾಲೀಕನ ಮುಂದೆ ಹೇಳೋದೇ ಕಷ್ಟ." ಆಮೇಲೆ ಬಾವಿಯ ಕಟ್ಟೆಯನ್ನು ಉಗುರಿನಿಂದ ಕೆರೆಯುತ್ತಾ, "ಕೆಲಸ ಹೋದ್ರೂ ಹೋಗ್ಲಿ ಬಿಡು. ಆದ್ರೆ ಆ ಬೆಂಚು ಇದೆಯಲ್ಲ... ಅದರ ಮೇಲೆ ಕೂತಾಗ ಯಾರೂ ನನ್ನ 'ಸ್ವಲ್ಪ ಪಕ್ಕಕ್ಕೆ ಸರಿಯಪ್ಪ' ಅನ್ನಲ್ಲ. ಅದೊಂದು ಇರ್ಲಿ ಕಣೋ ನಂಗೆ" ಎಂದರು.



ಸಾಲಿನಲ್ಲಿ ಒಂದು ದಿನ ನಮ್ಮ ದೊಡ್ಡತ್ತೆ ಬಂದರು. ನಮ್ಮ ತಂದೆಯ ಅಕ್ಕ. ಮಂಡಿನೋವಿನಿಂದ ಎಷ್ಟೋ ವರ್ಷಗಳಿಂದ ಕುರ್ಚಿ ಬಿಟ್ಟು ಎದ್ದವರಲ್ಲ. ಕುರ್ಚಿ ಸಮೇತ ಹೊತ್ತು ತಂದಿದ್ದರು. ಭಾವ ಕೈಮುಗಿದು, "ಬೇಡ ಅತ್ತೆ, ನಿಮಗೆ ವಯಸ್ಸಾಯ್ತು" ಎಂದರು.

"ಯಾರಿಗೋ ವಯಸ್ಸು? ಬೀದೀಲಿ ಹೋಗೋರಿಗೆಲ್ಲ ಹಾಕ್ತೀಯ, ಮನೆಯವಳಿಗೆ ಹಾಕೋಕೆ ಆಗಲ್ವಾ? ಹಾಕು!"

ಭಾವ ದೇವರ ಹೆಸರು ಹೇಳಿ ಒಂದು ಲೋಟ ನೀರನ್ನು ಕತ್ತಿಗೆ ಹಾಕಿದರು. ಅಂದು ಐಸು ಜಾಸ್ತಿ ಬಿದ್ದಿತ್ತೆಂದು ಕಾಣುತ್ತದೆ. ದೊಡ್ಡತ್ತೆ ಒಂದು ಕ್ಷಣ ಉಸಿರು ನಿಂತವರಂತೆ ಕೂತಿದ್ದು, ಬಳಿಕ "ಕೊಲೆಗಡುಕಾ!" ಎಂದು ಕಿರುಚಿ ಕುರ್ಚಿಯಿಂದ ಎದ್ದರು. ಎದ್ದವರೇ ಮೂಲೆಯಲ್ಲಿದ್ದ ಪೊರಕೆ ಕೈಗೆ ತೆಗೆದುಕೊಂಡರು. ಭಾವ ಮುಂದೆ, ದೊಡ್ಡತ್ತೆ ಹಿಂದೆ, ಬೀದಿಯ ತುದಿಯ ತನಕ ಓಟ. ಅಲ್ಲಿ ಅವರಿಗೆ ತಾವು ಓಡಿದ್ದು ನೆನಪಾಗಿ, ಪೊರಕೆ ಊರಿಕೊಂಡು ಕೂತುಬಿಟ್ಟರು. ಆದರೆ ಅಷ್ಟರಲ್ಲಿ ಬೀದಿ ಪೂರ್ತಿ ಚಪ್ಪಾಳೆ ತಟ್ಟುತ್ತಿತ್ತು. ಮರುದಿನ ಸಾಲು ಬೀದಿ ದಾಟಿ ಮುಂದಿನ ಬೀದಿಗೆ ಹೋಯಿತು.

ಇದರ ಬಿಸಿ ನನ್ನ ಕಚೇರಿಗೂ ತಟ್ಟಿತು. ಮೇಲಿನ ಬಡಾವಣೆಯ ಜನ ಬಂದು, "ಅವರ ಬೀದಿಗೆ ಮಾತ್ರ ಶಕ್ತಿ ಇರೋ ನೀರು ಬಿಡ್ತೀರಿ, ನಮಗೆ ಬರೀ ನೀರು ಬಿಡ್ತೀರಿ" ಎಂದು ದೊಡ್ಡ ಗಲಾಟೆ ಮಾಡಿದರು. ನಮ್ಮ ಸಾಹೇಬರು ನನ್ನನ್ನು ಒಳಗೆ ಕರೆಸಿ ಬಾಗಿಲು ಹಾಕಿದರು.

"ನಿಮ್ಮ ಭಾವನಂತೆ. ಎಲ್ಲಿಂದ ಹಿಡೀತಾರ್ರೀ ಅವರು ನೀರನ್ನ?"

"ನಲ್ಲಿಯಿಂದ ಸಾರ್. ನಮ್ಮದೇ ನಲ್ಲಿ."

"ನಮ್ಮ ನೀರಿಂದ ಯಾರಿಗಾದ್ರೂ ವಾಸಿಯಾದದ್ದು ಇತಿಹಾಸದಲ್ಲೇ ಇಲ್ಲ" ಎಂದರು ಸಾಹೇಬರು. ಬಳಿಕ ದನಿ ತಗ್ಗಿಸಿ, "ನನಗೂ ಈ ಎಡಭುಜ ಒಂದು ಸ್ವಲ್ಪ... ಭಾನುವಾರ ಬರಬಹುದಾ?" ಎಂದರು.

ಆ ಋತು ಮುಗಿದಾಗ ನಾವು ಎರಡನೆಯ ಡಿವಿಷನ್ನಿಗೆ ಏರಿದೆವು. ಈ ಸಲ ನಿಜವಾಗಿ ಏರಿದ್ದು. ಸಾಹುಕಾರರು ಅಂಗಿಯ ಬೆನ್ನಿಗೂ ಗುಂಡಿ ಇಡಿಸಿದರು. ಕಾರ್ಖಾನೆಯ ಕೆಲಸದವರು, ಅವರ ಹೆಂಡತಿಯರು, ಬಸ್ಸಿನ ಕಂಡಕ್ಟರುಗಳು, ಎಲ್ಲರೂ ಭಾನುವಾರ ವಾಲಿದ ಮೈದಾನದ ಮೇಲ್ಬದಿಯಲ್ಲಿ ಒಬ್ಬರಿಗೊಬ್ಬರು ಒತ್ತಿ ಕೂರುತ್ತಿದ್ದರು. ಮೇಲೆ ಕೂತವನೊಬ್ಬ ಜಾರಿದರೆ ಇಡೀ ಸಾಲು ಒಟ್ಟಿಗೆ ಜಾರಿ, ನಕ್ಕು, ಮತ್ತೆ ಮೇಲೆ ಹೋಗಿ ಕೂರುತ್ತಿತ್ತು. ಈಗ ಅಲ್ಲಿ ಸಾಲು ಮನೆಗಳಿವೆ. ನೆಲವನ್ನು ಸಮ ಮಾಡಿಯೇ ಕಟ್ಟಿದ್ದಾರೆ. ಆ ದಾರಿಯಲ್ಲಿ ಹೋಗುವಾಗ ಇವತ್ತಿಗೂ ನನ್ನ ಹೆಜ್ಜೆ ಇಲ್ಲದ ಇಳಿಜಾರನ್ನು ಹುಡುಕುತ್ತದೆ.

ಎರಡನೆಯ ಡಿವಿಷನ್ನಿನ ಜನ ಬೇರೆ ಥರದವರು. ಅವರ ಕ್ಲಬ್ಬುಗಳಲ್ಲಿ ವಕೀಲರಿದ್ದರು. ಬಕೆಟ್ಟಿನಲ್ಲಿ ಏನೋ ಮದ್ದಿದೆ, ಅದನ್ನು ಮೈಗೆ ಹೊಯ್ದು ಆಟಗಾರರಿಗೆ ಅನ್ಯಾಯದ ಬಲ ಬರಿಸುತ್ತಿದ್ದಾರೆ ಎಂದು ಅವರೆಲ್ಲ ಸೇರಿ ಸಂಘಕ್ಕೆ ದೂರು ಕೊಟ್ಟರು. ಋತುವಿನ ಕೊನೆಯ ಪಂದ್ಯಕ್ಕೆ ಸಂಘದ ಅಧಿಕಾರಿಯೊಬ್ಬರು ಗಾಜಿನ ಶೀಶೆ, ಅರಗು, ಮೊಹರು ಹಿಡಿದು ಬಂದಿಳಿದರು.

ಆ ಪಂದ್ಯ ಸಾಮಾನ್ಯದ್ದಲ್ಲ. ಸೋಲದಿದ್ದರೆ ಎರಡನೆಯ ಡಿವಿಷನ್ನಿನಲ್ಲಿ ಉಳಿಯುತ್ತೇವೆ. ಸೋತರೆ ಮತ್ತೆ ಮೂರಕ್ಕೆ.

ಅಧಿಕಾರಿ ಎಲ್ಲರ ಎದುರಿಗೆ ಬಕೆಟ್ಟಿನಿಂದ ಶೀಶೆಗೆ ನೀರು ತುಂಬಿ, ಬೆಳಕಿಗೆ ಹಿಡಿದು, ಮೂಸಿ ನೋಡಿದರು. ಭಾವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಆದರೆ ಅಧಿಕಾರಿಯ ಬಸ್ಸು ತಡವಾಗಿ ಬಂದಿತ್ತು, ಬಿಸಿಲು ಚೆನ್ನಾಗಿತ್ತು. ಇದ್ದ ಐಸೆಲ್ಲ ಕರಗಿ ಹೋಗಿತ್ತು. ಅಧಿಕಾರಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, "ಇದು ನೀರು" ಎಂದರು.

ಜನರಲ್ಲಿ ಗುಸುಗುಸು ಎದ್ದಿತು. "ನೋಡಿದ್ಯಾ, ಹೊರಗಿನವರ ಬಾಯಿಗೆ ಬಿದ್ರೆ ಬರೀ ನೀರಾಗಿಬಿಡುತ್ತೆ!" ಎಂದ ಒಬ್ಬ ಕಂಡಕ್ಟರು ಭಕ್ತಿಯಿಂದ.

ಅಧಿಕಾರಿಗೆ ಇದು ಸರಿಬರಲಿಲ್ಲ. ಪ್ರಯೋಗಾಲಯದಿಂದ ಉತ್ತರ ಬರುವ ತನಕ ಬಕೆಟ್ಟು ಬಳಸಕೂಡದು ಎಂದು, ಅದರ ಮೇಲೆ ಬಟ್ಟೆ ಕಟ್ಟಿ, ಗಂಟಿಗೆ ಅರಗು ಹಾಕಿ, ತಮ್ಮ ಕುರ್ಚಿಯ ಕೆಳಗೆ ಇಟ್ಟುಕೊಂಡರು. ಭಾವ ಬರಿಗೈಯಲ್ಲಿ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿದ್ದ ಮೇಷ್ಟ್ರು, "ಧೈರ್ಯವಾಗಿರಿ ಭಾವ. ಇವತ್ತು ಯಾರೂ ಬೀಳ್ಬಾರ್ದು ಅಂತ ಹೇಳಿದ್ದೀನಿ" ಎಂದರು.

ಯಾರೂ ಬೀಳಲಿಲ್ಲ. ಬಾಗಿಲು ಕೂಡ ಅಂದು ಮುಚ್ಚಿಕೊಂಡೇ ಇತ್ತು. ಎರಡೂ ಕಡೆ ಗೋಲಿಲ್ಲ. ಇನ್ನು ಸ್ವಲ್ಪ ಹೊತ್ತು ಕಳೆದರೆ ಸಾಕು. ನಾನು ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದೆ. ಅಷ್ಟರಲ್ಲಿ ಗಾಳಿಪಟ ಬಿದ್ದ.

ಅವನು ಆ ಮೊದಲೇ ರೆಫರಿಯ ಜೊತೆ ವಾದ ಮಾಡಿ ಒಂದು ಹಳದಿ ಕಾರ್ಡು ತೆಗೆದುಕೊಂಡಿದ್ದ. ಈಗ ಮೈದಾನದ ನಡುವೆ ಮಲಗಿ, ಮಂಡಿ ಹಿಡಿದು, ಅಭ್ಯಾಸಬಲದಿಂದ ಕಾಲರಿನ ಗುಂಡಿ ಬಿಚ್ಚುತ್ತಿದ್ದ. ರೆಫರಿ ಕೈ ಮಾಡಿದರು. ಭಾವ ಎದ್ದರು, ಅಧಿಕಾರಿಯ ಕುರ್ಚಿಯ ಕೆಳಗೆ ಒಮ್ಮೆ ನೋಡಿದರು, ಬರಿಗೈಯಲ್ಲೇ ಓಡಿದರು.

ಗಾಳಿಪಟ ಕತ್ತೆತ್ತಿ, "ನೀರೆಲ್ಲಿ ಭಾವ?" ಎಂದು ಅಳುದನಿಯಲ್ಲಿ ಕೂಗಿದ.

"ಇಲ್ಲಪ್ಪಾ, ಇವತ್ತು ಇಲ್ಲ, ಕ್ಷಮಿಸು..." ಎಂದು ಓಡುತ್ತಲೇ ಹೇಳುತ್ತಿದ್ದ ಭಾವ, ಅಲ್ಲಿ ನಿಂತಿದ್ದ ಚೆಂಡಿನ ಮೇಲೆ ಕಾಲಿಟ್ಟರು. ಚೆಂಡು ಒಂದು ಕಡೆ ಹೋಯಿತು, ಭಾವ ಒಂದು ಕಡೆ ಹೋದರು. ಒಣಕಡ್ಡಿ ಮುರಿದಂಥ ಸದ್ದು ಮೇಲಿನ ಸಾಲಿನವರಿಗೂ ಕೇಳಿಸಿತು.

ಮುಂದೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ನಗುತ್ತಲೇ ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೆ. ಮಂಡಿ ಹಿಡಿದು ನರಳುತ್ತಿದ್ದ ಗಾಳಿಪಟ "ಭಾವಾ!" ಎಂದು ಚೀರಿ ಚಂಗನೆ ಎದ್ದ. ಭಾವನನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಅಂಚಿನ ಕಡೆಗೆ ಓಡಿದ. ಅಂಥ ಓಟವನ್ನು ಅವನು ಚೆಂಡಿಗಾಗಿ ಎಂದೂ ಓಡಿದವನಲ್ಲ. ಬಾಗಿಲು ತನ್ನ ಗೋಲು ಬಿಟ್ಟು ಓಡಿಬಂದ. ಹನ್ನೊಂದೂ ಜನ ಬೆಂಚಿನ ಸುತ್ತ ಸೇರಿದರು.

ರೆಫರಿ ನಿಧಾನವಾಗಿ ನಡೆದು ಬಂದರು. ಗಾಳಿಪಟನ ಮಂಡಿಯನ್ನು ನೋಡಿದರು, ಅವನ ಕೈಯಲ್ಲಿದ್ದ ಭಾವನನ್ನು ನೋಡಿದರು.

"ನಿನಗೆ ಏಟಾಗಿತ್ತಲ್ಲಪ್ಪ?"

"ಯಾರಿಗೆ ಸಾರ್?" ಎಂದ ಗಾಳಿಪಟ.

ನಟನೆಗೆಂದು ಎರಡನೆಯ ಹಳದಿ ಕಾರ್ಡು, ಅದರ ಹಿಂದೆಯೇ ಕೆಂಪು ಕಾರ್ಡು ಹೊರಬಂದವು. ಉಳಿದ ಹತ್ತು ಜನ ಚೆಂಡಿನ ಕಡೆ ನೋಡುವ ಬದಲು ಭಾವನ ಕಾಲಿನ ಕಡೆ ನೋಡುತ್ತಾ ಆಡಿದರು. ಎದುರಿನವರು ತೆರೆದ ಬಾಗಿಲಿನೊಳಕ್ಕೆ ಒಂದು ಗೋಲು ಹೊಡೆದರು. ನಾವು ಮೂರನೆಯ ಡಿವಿಷನ್ನಿಗೆ ಇಳಿದೆವು.

ಆಸ್ಪತ್ರೆಯ ವಾರ್ಡಿನಲ್ಲಿ ಭಾವನ ಮಂಚದ ಸುತ್ತ ಕ್ಲಬ್ಬಿಗೆ ಕ್ಲಬ್ಬೇ ನಿಂತಿತ್ತು. ಐಸ್ ಮಾಲೀಕರೂ ಹಣ್ಣು ಹಿಡಿದು ಬಂದಿದ್ದರು. ಅವರನ್ನು ಕಂಡ ಕೂಡಲೇ ಭಾವ ಪ್ಲಾಸ್ಟರು ಹಾಕಿದ ಕಾಲನ್ನೂ ಲೆಕ್ಕಿಸದೆ ಎದ್ದು ಕೂತು, ಗರಗಸದ ಪುಡಿಯಿಂದ ಹಿಡಿದು ಗೇಟಿನ ತನಕ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, "ನೀರಲ್ಲಿ ಏನೂ ಇರಲಿಲ್ಲ. ತಣ್ಣಗಿತ್ತು, ಅಷ್ಟೇ" ಎಂದು ಕೈಮುಗಿದರು.

ಮೊದಲು ಮಾತಾಡಿದವರು ಡ್ರಿಲ್ ಮೇಷ್ಟ್ರು. "ಪಾಪ, ನೋವಿಗೆ ಏನೇನೋ ಮಾತಾಡ್ತಿದ್ದಾರೆ" ಎಂದರು. ಎಲ್ಲರೂ ತಲೆಯಾಡಿಸಿದರು. ಐಸ್ ಮಾಲೀಕರು ಮಾತ್ರ ಮುಂದೆ ಬಂದು ಭಾವನ ಕೈ ಹಿಡಿದರು. ಅವರ ಕಣ್ಣು ಹೊಳೆಯುತ್ತಿತ್ತು. "ನಮ್ಮ ಐಸಾ? ನಮ್ಮ ಕಾರ್ಖಾನೆ ಐಸಲ್ಲಿ ಇಷ್ಟೆಲ್ಲ ಇದೆಯಾ? ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?" ಎಂದರು. ಮರುವಾರ ಕಾರ್ಖಾನೆಯ ಮೇಲೆ, ಎರಡನೆಯ ಡಿವಿಷನ್ನಿನ ಆಟಗಾರರನ್ನು ಎಬ್ಬಿಸಿದ ಐಸು ಇಲ್ಲಿಯದೇ ಎಂದು ದೊಡ್ಡ ಬೋರ್ಡು ಬಂತು. ಭಾವನಿಗೆ ಗೇಟಿನಲ್ಲಿ ಕೂರಲು ಕುರ್ಚಿಯೂ ಬಂತು.

ಆದರೆ ಬೆಂಚು ಹೋಯಿತು. ಕಾಲು ಕೂಡಿಕೊಳ್ಳುತ್ತದೆ, ಇನ್ನು ಮುಂದೆ ಓಡುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಓಡಲಾಗದವನು ಶುಶ್ರೂಷಕನಾಗಿ ಬೆಂಚಿನ ಮೇಲೆ ಕೂರುವಂತಿಲ್ಲ ಎನ್ನುವುದು ಲೀಗಿನ ನಿಯಮ. ಗುಂಡಿ ಸಾಹುಕಾರರು ತಾವೇ ಮನೆಗೆ ಬಂದು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, "ನಾನೇನೂ ಮಾಡೋ ಹಾಗಿಲ್ಲ ಭಾವ" ಎಂದರು. ಭಾವ ಅವರನ್ನೇ ಸಮಾಧಾನ ಮಾಡಿ ಕಳಿಸಿದರು. ಅಂದು ಸಂಜೆ ಅವರು ಗಡಿಯಾರವನ್ನು ಬಿಚ್ಚಿಕೊಂಡು ಕೂತರು. ಅಕ್ಕ ನೋಡಿದಳು, ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಹೊಸ ಋತುವಿಗೆ ಸರಿಯಾದ ತರಬೇತಿ ಪಡೆದ ಶುಶ್ರೂಷಕರೊಬ್ಬರು ಬಂದರು. ಅವರ ಕೈಯಲ್ಲಿ ಚರ್ಮದ ಚೀಲ, ಚೀಲದಲ್ಲಿ ಪಟ್ಟಿಗಳು, ನೋವಿನ ಮೇಲೆ ಸಿಂಪಡಿಸುವ ಡಬ್ಬಿ. ಮೊದಲ ಪಂದ್ಯಕ್ಕೆ ಭಾವ ಬರುವುದಿಲ್ಲ ಎಂದರು. ಅಕ್ಕ ಅವರ ಅಂಗಿಯನ್ನು ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟು, "ನಾನು ಹೋಗ್ತಿದ್ದೀನಿ. ನೀವೊಬ್ಬರೇ ಮನೇಲಿ ಕೂತು ಇನ್ನೇನು ಬಿಚ್ತೀರೋ ನೋಡಿ" ಎಂದಳು.

ಅವರು ಕೋಲೂರಿಕೊಂಡು ಹೊರಟರು. ಅಕ್ಕ ಒಂದು ಕೈಯಲ್ಲಿ ಮಡಿಸುವ ಕುರ್ಚಿ, ಇನ್ನೊಂದು ಕೈಯಲ್ಲಿ ಬಕೆಟ್ಟು ಹಿಡಿದಿದ್ದಳು. "ಇದ್ಯಾಕೆ?" ಎಂದರು ಭಾವ. "ಐಸ್ ಮಾಲೀಕರು ಕಳ್ಸಿದ್ರು. ಮನೇಲಿಟ್ರೆ ಕರಗಿ ಹೋಗಲ್ವಾ?" ಎಂದಳು ಅಕ್ಕ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು. ಬೆಂಚಿನಿಂದ ಬಹಳ ದೂರದಲ್ಲಿ, ಮೈದಾನದ ಆ ತುದಿಯಲ್ಲಿ, ಹಗ್ಗದ ಆಚೆ ನಾವು ಮೂವರೂ ಕೂತೆವು. ಪಕ್ಕದಲ್ಲಿದ್ದವರು ಯಾರೋ, "ಸ್ವಲ್ಪ ಸರ್ಕೊಳ್ಳಿ ಯಜಮಾನ್ರೆ, ಕಾಣಿಸ್ತಿಲ್ಲ" ಎಂದರು. ಭಾವ ಕುರ್ಚಿಯನ್ನು ಸರಿಸಿಕೊಂಡರು.

ಆಟ ಶುರುವಾಗಿ ಇನ್ನೂ ಬಿಸಿಯೇರಿರಲಿಲ್ಲ. ಬೆಂಚಿನ ಎದುರಿಗೇ ಗಾಳಿಪಟ ಬಿದ್ದ. ರೆಫರಿ ಕೈ ಮಾಡಿದರು. ಹೊಸ ಶುಶ್ರೂಷಕರು ಚೀಲ ಹಿಡಿದು, ಎಲ್ಲೂ ಎಡವದೆ, ನೆಟ್ಟಗೆ ಓಡಿ ಮುಟ್ಟಿದರು. ಡಬ್ಬಿಯ ಮುಚ್ಚಳ ತೆಗೆದರು. ಗಾಳಿಪಟ ಕತ್ತೆತ್ತಿ ಸುತ್ತಲೂ ಕಣ್ಣಾಡಿಸಿದ. ಹಗ್ಗದ ಆಚೆ ಭಾವ ಕೋಲಿಗೆ ಕೈಹಾಕಿ ಅರ್ಧ ಎದ್ದಿದ್ದರು.

"ಕೂತ್ಕೊಳ್ಳಿ ಭಾವ, ಕೂತ್ಕೊಳ್ಳಿ! ನಾನೇ ಬರ್ತೀನಿ!"

ಅವನು ಎದ್ದ. ಡಬ್ಬಿ ಹಿಡಿದವರನ್ನು ದಾಟಿ, ಎದುರಿನ ತಂಡದವರನ್ನು ದಾಟಿ, ಮೈದಾನದ ಉದ್ದಕ್ಕೂ ಏರಿನಲ್ಲಿ ಓಡಿಬಂದ. ರೆಫರಿ ಸೀಟಿಯನ್ನು ಬಾಯಿಗೆ ಇಟ್ಟುಕೊಂಡವರು ಊದುವುದನ್ನೇ ಮರೆತು ನಿಂತಿದ್ದರು. ಗಾಳಿಪಟ ಹಗ್ಗದಡಿ ನುಸುಳಿ, ಭಾವನ ಕುರ್ಚಿಯ ಮುಂದೆ ಜಾಗ ನೋಡಿಕೊಂಡು ಮಲಗಿ, ಮಂಡಿ ಹಿಡಿದು, ಬಿಟ್ಟಿದ್ದ ಕಡೆಯಿಂದ ನರಳಾಟವನ್ನು ಮುಂದುವರಿಸಿದ. ಪಕ್ಕದಲ್ಲಿದ್ದವರು ತಾವಾಗಿಯೇ ಸರಿದು ಜಾಗ ಮಾಡಿಕೊಟ್ಟರು. ಅಕ್ಕ ಬಕೆಟ್ಟನ್ನು ಮುಂದಕ್ಕೆ ತಳ್ಳಿದಳು.

ಭಾವ ಅಂಗಿಯ ತೋಳು ಮಡಿಸಿಕೊಂಡರು. ಗಂಟಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಕೇಳಿದರು:

"ಯಾವ ಮಂಡಿಯಪ್ಪಾ?"

"ನಿಮಗೆ ಯಾವುದು ಹತ್ತಿರವೋ ಅದು, ಭಾವ" ಎಂದ ಗಾಳಿಪಟ.